ಎಮ್ಮೆ ಕೊಟ್ಟು ತಂದ ಎಂಜಿನ್ನು

ಮೀನು ಹಿಡಿಯೋ ಬೋಟಿಗೆ ಎಂಜಿನ್ನು ಕಟ್ಟಿದೋನಿಗೆ ಏನಾದ್ರೂ ಒಂದು ಆಗ್ತಾನೇ ಇರುತ್ತೆ. ಹುಟ್ಟು ಹಾಕೋರಿಗೆ ತೋಳು ನೋಯೋದು ಬಿಟ್ರೆ ಇನ್ನೇನೂ ಆಗಲ್ಲ. ಪಾಪ, ಅವರಿಗೆ ಹೇಳ್ಕೊಳ್ಳೋಕೆ ಕತೆಯೂ ಇರಲ್ಲ.

ಇದು ತೊಂಬತ್ತರ ಈಚಿನ ಮಾತು. ಕೆ.ಆರ್.ಪೇಟೆ ಕಡೆಯ ಕನ್ನಂಬಾಡಿ ಹಿನ್ನೀರಲ್ಲಿ ಎಂಜಿನ್ನು ಇದ್ದ ಬೋಟು ನಂದೊಂದೇ. ಮಂಗಳೂರು ಕಡೆಯೋನೊಬ್ಬ ಮಾರಿದ ಹಳೇ ಎಂಜಿನ್ನು. ಬೋಟಿನ ಹಿಂದಿನ ಹಲಗೆಗೆ ಸಿಗಿಸಿ, ಹಗ್ಗ ಎಳೆದು ಹತ್ತಿಸಬೇಕು. ಹತ್ತಿತು ಅಂದ್ರೆ ಇತ್ಲಾಗೆ ನನ್ನ ಬೋಟು ಹೊರಡೋದು, ಅತ್ಲಾಗೆ ಅಣೆಕಟ್ಟೆ ಆಚೆ ಶ್ರೀರಂಗಪಟ್ಟಣದ ಸ್ನಾನಘಟ್ಟದಲ್ಲಿ ಬಟ್ಟೆ ಒಗೆಯೋರು ಅಲೆಗೆ ಹೆದರಿ ಒಂದು ಮೆಟ್ಟಿಲು ಮೇಲಕ್ಕೆ ಹತ್ತೋರು.

ದಿನಾ ಬೆಳಿಗ್ಗೆ ಮೈಸೂರಿನಿಂದ ಮೀನು ಲಾರಿ ದಡಕ್ಕೆ ಬರೋದು. ಐಸ್ ಪೆಟ್ಟಿಗೆ ತುಂಬೋವರೆಗೆ ತಗೊಳ್ಳೋದು, ತುಂಬಿದ ಮೇಲೆ ಹೊರಟುಬಿಡೋದು. ಮೊದಲು ಬುಟ್ಟಿ ಇಟ್ಟೋನ ಮೀನು ಪೂರಾ ಹೋಗೋದು. ತಡವಾಗಿ ಬಂದೋನು ಮಿಕ್ಕಿದ್ದನ್ನ ಸೈಕಲ್ಲಿಗೆ ಕಟ್ಟಿಕೊಂಡು ಕಿಕ್ಕೇರಿವರೆಗೂ ತುಳೀಬೇಕು, ಹಿಂದೆ ಊರೂರ ನಾಯಿಗಳು. ಯಾವಾಗಲೂ ಮೊದಲು ಬರ್ತಿದ್ದೋನು ನನ್ನ ಬಾಮೈದ, ಹೆಂಡತಿಯ ತಮ್ಮ. ಬಿದಿರು ಬುಟ್ಟಿಗೆ ಟಾರ್ಪಾಲು ಹೊದಿಸಿದ ಅವನ ತೆಪ್ಪ, ನೀರಲ್ಲಿ ತೇಲೋ ಅಂತರಗಂಗೆ ಮೇಲೆ ಜಾರಿಕೊಂಡು ಹೋಗೋದು. ನನ್ನ ಎಂಜಿನ್ನಿನ ಕೆಳಗೆ ನೀರು ತಳ್ಳೋ ಫ್ಯಾನಿಗೆ ಅದೇ ಗಿಡ ಸುತ್ತಿಕೊಂಡು ನಡುನೀರಲ್ಲಿ ನಿಲ್ಲೋದು.

ಈ ಎಂಜಿನ್ನು ತಂದದ್ದು ನನ್ನ ಹೆಂಡತಿ ಹಾಲು ಕರೀತಿದ್ದ ಎಮ್ಮೆ ಕೊಟ್ಟು. ಗೌರಿಹಬ್ಬ ಕಳೆದ ಮೇಲೆ ಅವಳು ಸಿಟ್ಟು ಮಾಡದೆ ಒಂದೇ ಮಾತು ಹೇಳಿದಳು.

"ದೀಪಾವಳಿ ಒಳಗೆ ಒಂದು ದಿವ್ಸನಾರಾ ನಮ್ ತಮ್ಮನಿಗಿಂತ ಮುಂಚೆ ಲಾರಿತಾವ ನಿಂತ್ಕಳಿ. ಇಲ್ಲಾಂದ್ರೆ ಎಂಜಿನ್ನು ಓಯ್ತದೆ, ಎಮ್ಮೆ ಬತ್ತದೆ."

ಜಾಲರಿ

ಶ್ರೀರಂಗಪಟ್ಟಣದ ವರ್ಕ್‌ಶಾಪಿನೋನು, ಗಿಡ ಸುತ್ತದ ಹಾಗೆ ಫ್ಯಾನಿಗೆ ಹಾಕೋ ಜಾಲರಿ ಸಮುದ್ರದ ಕಡೆ ಅಂಗಡೀಲಿ ಸಿಗುತ್ತೆ ಅಂದ. ಅಷ್ಟು ದೂರ ಯಾಕೆ ಹೋಗ್ಲಿ? ಮನೇಲಿದ್ದ ಟೇಬಲ್ ಫ್ಯಾನಿನ ಜಾಲರಿ ಬಿಚ್ಚಿ ಕಟ್ಟಿದೆ. ಅಳತೆ ಮಾಡಿ ಮಾಡಿಸಿದಂಗೆ ಕೂತ್ಕೊಂತು. ಒಂದು ಎಳೆ ಗಿಡ ಒಳಕ್ಕೆ ಬರಲಿಲ್ಲ. ಮೀನು ಮಾತ್ರ ಬಂತು. ನಂಬೋರು ನಂಬಲಿ, ಆವತ್ತು ಬಲೆಗೆ ಬಿದ್ದದ್ದಕ್ಕಿಂತ ಜಾಲರಿಯೊಳಗೆ ಸಿಕ್ಕ ಜಿಲೇಬಿ ಮೀನೇ ಜಾಸ್ತಿ. ಅದನ್ನ ಬಿಡಿಸೋ ಹೊತ್ತಿಗೆ ಲಾರಿ ಹೋಗಿತ್ತು.

ಮನೆಗೆ ಬಂದ್ರೆ ಜಗಲಿ ತುಂಬಾ ಜನ. ಜಾಲರಿ ಇಲ್ಲದ ಟೇಬಲ್ ಫ್ಯಾನು ನಮ್ಮತ್ತೆ ಸೆರಗನ್ನ ಸುತ್ತಿಕೊಂಡುಬಿಟ್ಟಿತ್ತು. ನೀರಲ್ಲಿ ಸುತ್ತಿಕೊಳ್ಳೋದು ನಿಂತು ಮನೇಲಿ ಶುರುವಾಯ್ತು, ಅಷ್ಟೇ.

ದೊಡ್ಡ ಫ್ಯಾನು

ಜಾಲರಿ ವಾಪಸ್ ಮನೆ ಫ್ಯಾನಿಗೇ ಹೋಯ್ತು. ಬೋಟಿಗಿರೋ ಫ್ಯಾನು ಚಿಕ್ಕದು, ದೊಡ್ಡದು ಹಾಕಿಸಿದ್ರೆ ಗಿಡಾನೂ ಕತ್ತರಿಸುತ್ತೆ, ನೀರೂ ಜಾಸ್ತಿ ತಳ್ಳುತ್ತೆ ಅಂತ ನನ್ನ ಲೆಕ್ಕ. ಪಾಂಡವಪುರದ ಹತ್ರ ಒಬ್ಬ ಆಚಾರಿ ಇದ್ದ. ಜೀವಮಾನವೆಲ್ಲ ಗದ್ದೆಗೆ ನೀರು ಎತ್ತೋ ಪಂಪ್‌ಸೆಟ್ಟು ರಿಪೇರಿ ಮಾಡಿ ಕೈ ಪಳಗಿದೋನು. ಫ್ಯಾನಿನ ಎಲೆ ಯಾವ ಕಡೆ ತಿರುಚಲಿ ಅಂತ ಕೇಳಿದ. ನಿನಗೆ ಅಭ್ಯಾಸ ಇರೋ ಕಡೆಗೇ ತಿರುಚು ಅಂದೆ.

ತಂದು ಹಾಕಿ ಹಗ್ಗ ಎಳೆದೆ. ಬೋಟು ಹಿಂದಕ್ಕೆ ಹೊರಟಿತು. ಪಂಪ್‌ಸೆಟ್ಟು ನೀರನ್ನ ತನ್ನ ಕಡೆಗೆ ಎಳ್ಕೊಬೇಕು ತಾನೆ, ಇದೂ ಎಳ್ಕೊಂತು. ಬೇರೆ ಯಾರಾದ್ರೂ ಆಗಿದ್ರೆ ಗಾಬರಿಯಾಗೋರು. ನಾನು ಎದ್ದು ಆ ಕಡೆಗೆ ಮುಖ ಮಾಡಿ ಕೂತೆ. ಹಿನ್ನೀರು ಪೂರ್ತಿ ಹಾಗೇ ದಾಟಿದೆ.

ದಡದಲ್ಲಿ ಲಾರಿ ಡ್ರೈವರು ಬೀಡಿ ಸೇದ್ತಾ ನೋಡ್ತಿದ್ದ. ಬಾಮೈದನ ಬುಟ್ಟಿ ಆಗಲೇ ಲಾರಿ ಒಳಗಿತ್ತು.

"ಇದ್ಯಾಕಣ್ಣ, ಹಿಂದು ಮುಂದಾಗಿ ಬಂದೆ?"

"ಹೋಗುವಾಗ ತಿರುಗಿಸೋ ಕೆಲ್ಸ ಇಲ್ಲ ಕಣಪ್ಪ," ಅಂದೆ.

ನಿಂಬೆಹಣ್ಣು

ಆಚಾರಿ ಎಲೆಗಳನ್ನ ಸರಿಯಾಗಿ ತಿರುಚಿಕೊಟ್ಟ. ಅಷ್ಟರಲ್ಲಿ ಆಯುಧಪೂಜೆ ಬಂತು. ಎಂಜಿನ್ನಿಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಹಾರ ಹಾಕಿದ್ದಾಯ್ತು. ನಿಂಬೆಹಣ್ಣನ್ನ ಚಕ್ರದ ಕೆಳಗೆ ಇಟ್ಟು ಹತ್ತಿಸಬೇಕು ಅಂದಾಗ ಎಲ್ಲರೂ ಬೋಟಿನ ಸುತ್ತ ಒಂದು ಸುತ್ತು ಬಂದರು. ಚಕ್ರ ಇಲ್ಲ.

ಒಬ್ಬ ಫ್ಯಾನಿನ ಹತ್ರ ಇಡು ಅಂದ, ಇನ್ನೊಬ್ಬ ಬೋಟಿನ ಮುಂದೆ ಇಡು ಅಂದ. ಮುಂದೆ ಅಂದ್ರೆ ನೀರು. ಇಟ್ಟೆ. ನಾನು ಹಗ್ಗ ಎಳೆಯೋ ಹೊತ್ತಿಗೆ ಹಣ್ಣು ತೇಲಿಕೊಂಡು ದಡದ ಕಲ್ಲಿನ ಹತ್ರ ಹೋಯ್ತು. ಆಗ ಸರಿಯಾಗಿ ಬಾಮೈದ ತೆಪ್ಪ ತಂದು ಆ ಕಲ್ಲಿಗೇ ಒತ್ತಿ ನಿಲ್ಲಿಸಿದ. ಹಣ್ಣು ಪಚ್ಚೆಂದಿತು.

ಹಾರ ನನ್ನ ಎಂಜಿನ್ನಿಗೆ, ಪೂಜೆ ಅವನ ತೆಪ್ಪಕ್ಕೆ. ಮಾರನೇ ದಿನದಿಂದ ಅವನು ಇನ್ನೂ ಬೇಗ ಬರೋಕೆ ಶುರು ಮಾಡಿದ.

ಮೂತಿ

ಹೊಸ ಫ್ಯಾನಿನ ಜೋರಿಗೆ ಇನ್ನೊಂದು ಕಷ್ಟ ಬಂತು. ಹಿಂದುಗಡೆ ನಾನು, ಎಂಜಿನ್ನು, ಮೀನು, ಎಲ್ಲ ಭಾರ. ಬೋಟು ಹೊರಟ ತಕ್ಷಣ ಮೂತಿ ಆಕಾಶಕ್ಕೆ ಏಳೋದು. ಎದುರಿಗೆ ನೀರೂ ಇಲ್ಲ, ದಡವೂ ಇಲ್ಲ, ಬರೀ ಮೋಡ. ಒಂದು ವಾರ ನಾನು ಹದ್ದುಗಳನ್ನ ನೋಡ್ಕೊಂಡು ಬೋಟು ನಡೆಸಿದೀನಿ. ವರ್ಕ್‌ಶಾಪಿನೋನ ಮಾತಿನಂತೆ ಟ್ರಾಕ್ಟರಿನ ಹಳೇ ಮಡ್‌ಗಾರ್ಡು ಕೊಯ್ಸಿ, ಬೋಟಿನ ಹಿಂಭಾಗ ಎತ್ತಲಿ ಅಂತ ಫ್ಯಾನಿನ ಮೇಲ್ಗಡೆ ಎರಡು ಕಡೆಗೂ ರೆಕ್ಕೆ ಹಾಕಿಸಿದೆ. ಮೂತಿ ಅರ್ಧ ಇಳೀತು. ಇನ್ನರ್ಧಕ್ಕೆ ಮುಂದುಗಡೆ ಭಾರ ಬೇಕಿತ್ತು.

ನಾಳೆ ದೀಪಾವಳಿ ಅನ್ನೋ ದಿನ. ನಾನು ಬಲೆ ಎತ್ತಿಕೊಂಡು ಬರ್ತಿದ್ದೆ. ನಡುನೀರಲ್ಲಿ ಬಾಮೈದ ಒಂದು ಕೈಲಿ ಹುಟ್ಟು, ಒಂದು ಕೈಲಿ ಚೊಂಬು ಹಿಡ್ಕೊಂಡು ನೀರು ಎತ್ತಿ ಹಾಕ್ತಿದ್ದ. ಮುಳುಗಿದ ಮರದ ಬೊಡ್ಡೆ ತಗುಲಿ ತೆಪ್ಪದ ತಳ ಹರಿದಿತ್ತು.

"ಬಾವ, ಅತ್ತುಸ್ಕೊ," ಅಂದ.

ಯೋಚನೆ ಮಾಡಿದೆ. ನನ್ನ ಬೋಟಲ್ಲಿ ಕೂತೋನು ನನಗಿಂತ ಮುಂಚೆ ಹೋಗೋದು ಹೆಂಗೆ? ಜೊತೆಗೆ ಆಳು ಭರ್ಜರಿ, ಎರಡು ಮೂಟೆ ಸಕ್ಕರೆಗೆ ಸಮ. "ಮೂತಿ ಮೇಲೆ ಕೂತ್ಕಳ್ಲಾ," ಅಂದೆ. ಬುಟ್ಟಿ ತೊಡೆ ಮೇಲಿಟ್ಕೊಂಡು ಕೂತ. ಹರಿದ ತೆಪ್ಪಾನ ಹಿಂದಕ್ಕೆ ಕಟ್ಟಿದೆ.

ಅವನು ಕೂತದ್ದೇ ಬೋಟು ಹಲಗೆ ಹಾಗೆ ಮಟ್ಟಸವಾಯ್ತು. ಆವತ್ತು ಹೋದ ಸ್ಪೀಡನ್ನ ಏನು ಹೇಳಲಿ! ನಮ್ಮ ಎಂಜಿನ್ನಿನ ಸದ್ದು ನಮಗಿಂತ ಆಮೇಲೆ ದಡಕ್ಕೆ ಬಂತು. ದಡದಲ್ಲಿ ಲಾರಿ ಖಾಲಿ ನಿಂತಿತ್ತು. ನನ್ನ ಹೆಂಡತಿ ಸೊಂಟದ ಮೇಲೆ ಕೈ ಇಟ್ಕೊಂಡು ನೋಡ್ತಿದ್ದಳು.

ಮೂತಿ ಕೆಸರಿಗೆ ತಾಗಿದ್ದೇ ತಡ, ಬಾಮೈದ ಬುಟ್ಟಿ ತಲೆ ಮೇಲಿಟ್ಕೊಂಡು ನೆಗೆದುಬಿಟ್ಟ. ನಾನು ಹಿಂದುಗಡೆ ಎಂಜಿನ್ನು ಆರಿಸಿ, ಫ್ಯಾನು ಕಲ್ಲಿಗೆ ತಾಗದ ಹಾಗೆ ಮೇಲಕ್ಕೆತ್ತಿ, ಬಲೆ ದಾಟಿಕೊಂಡು ಇಳಿಯೋ ಹೊತ್ತಿಗೆ ಅವನ ಮೀನಿನ ಮೇಲೆ ಐಸು ಬಿದ್ದಾಗಿತ್ತು.

"ಬೋಟು ನಂದು, ಎಂಜಿನ್ನು ನಂದು," ಅಂದೆ.

"ಯಾರು ಇಲ್ಲ ಅಂದ್ರು?" ಅಂದಳು. "ಮುಂದೆ ಕೂತಿದ್ದೋನು ನಮ್ ತಮ್ಮ. ನೀವು ಅವನ ಹಿಂದೆ ಬಂದ್ರಿ."

ಡ್ರೈವರು ಹೂಂಗುಟ್ಟಿದ. ಹಬ್ಬ ಕಳೆದ ಮೇಲೆ ಎಂಜಿನ್ನು ಹೋಯ್ತು, ಎಮ್ಮೆ ಬಂತು.

ಆದ್ರೂ ಒಂದು ಮಾತು. ತನ್ನೊಳಗೇ ಕೂತಿದ್ದೋನ ಕೈಲಿ ಸೋತ ಬೋಟು ಈ ಹಿನ್ನೀರಲ್ಲಿ ನಂದೊಂದೇ. ಬೇರೆ ಯಾರೂ ಅದನ್ನ ಸೋಲಿಸೋ ಹಂಗಿರಲಿಲ್ಲ.