ಹುಬ್ಬು ಮಾಯುವ ತನಕ

ನಾಚಿಕೆಪಡಲು ದೊಡ್ಡ ಕಾರಣವೇನೂ ಬೇಕಾಗಿಲ್ಲ. ನನಗೆ ಎರಡು ಹುಬ್ಬು ಸಾಕಾದವು. ಮಗನಿಗೆ ಚನ್ನರಾಯಪಟ್ಟಣದಲ್ಲಿ ಹೆಣ್ಣು ನೋಡುವುದೆಂದು ಗೊತ್ತಾದದ್ದೇ ತಡ, ಬೀಗಿತ್ತಿಯಾಗುವವರ ಎದುರು ನನ್ನ ಬೋಳು ಹುಬ್ಬು ಕಾಣಬಾರದೆಂದು, ಮನೆಯಲ್ಲಿ ಯಾರಿಗೂ ಹೇಳದೆ ಹೊಳೆನರಸೀಪುರದಿಂದ ಹಾಸನಕ್ಕೆ ಬಸ್ಸು ಹತ್ತಿ ಹುಬ್ಬಿಗೆ ಟ್ಯಾಟೂ ಹಾಕಿಸಿಕೊಂಡು ಬಂದೆ. ಪಾರ್ಲರಿನ ಹುಡುಗಿ ಸೂಜಿ ಆಡಿಸುತ್ತಲೇ ಎಲ್ಲವನ್ನೂ ಹೇಳಿದ್ದಳು. "ಮೊದ್ಲು ಕಾಡಿಗೆ ಮೆತ್ತಿದಂಗೆ ಕಪ್ಪಗಿರುತ್ತೆ ಆಂಟಿ. ಆಮೇಲೆ ಹಕ್ಕಳೆ ಕಟ್ಟಿ ಉದುರುತ್ತೆ, ಬಣ್ಣ ಎಲ್ಲಾ ಹೋಯ್ತೇನೋ ಅನ್ಸುತ್ತೆ. ಗಾಬರಿ ಆಗ್ಬೇಡಿ, ನಿಧಾನಕ್ಕೆ ತಿಳಿಯಾಗಿ ಬರುತ್ತೆ. ಅಲ್ಲೀಗಂಟ ನೀರು, ಅರಿಶಿನ ಏನೂ ತಾಗಿಸ್ಬೇಡಿ, ಸೆಪ್ಟಿಕ್ ಆಗುತ್ತೆ." ನನ್ನ ಕಿವಿಯಲ್ಲಿ ಉಳಿದದ್ದು ಸೆಪ್ಟಿಕ್ ಒಂದೇ.

ಹೆಣ್ಣು ನೋಡುವ ದಿನ ಹುಬ್ಬು ಕಗ್ಗಪ್ಪಾಗಿ ಮೇಲಕ್ಕೆ ಎಗರಿ ನಿಂತಿತ್ತು. ನನ್ನ ಯಜಮಾನರು ತಾವೇನೋ ತಪ್ಪು ಮಾಡಿದ್ದೇವೆಂದುಕೊಂಡು ದಾರಿಯುದ್ದಕ್ಕೂ ನನ್ನ ಚೀಲವನ್ನೂ ತಾವೇ ಹೊತ್ತರು. ಹುಡುಗಿ ಮಾತ್ರ ನೋಡಿದ ಕೂಡಲೇ ಮನಸ್ಸಿಗೆ ಹಿಡಿಸಿದಳು. ಮಗನಂತೂ ಉಪ್ಪಿಟ್ಟು ಮುಟ್ಟುವುದನ್ನೇ ಮರೆತು ಕೂತಿದ್ದ. ಇನ್ನೇನು ಹೊರಡಬೇಕು, ಹುಡುಗಿಯ ತಾಯಿ ಅರಿಶಿನ ಕುಂಕುಮದ ತಟ್ಟೆ ತಂದು, ನೀರಲ್ಲಿ ಕಲಸಿದ ಅರಿಶಿನವನ್ನು ಬೆರಳಿಗೆ ತೆಗೆದುಕೊಂಡು ನನ್ನ ಮುಖದ ಹತ್ತಿರ ತಂದರು. ನಾನು ಹಾವು ಕಂಡವಳಂತೆ ಹಿಂದಕ್ಕೆ ಹಾರಿ, "ಬೇಡ, ಬೇಡ!" ಎಂದು ಕೂಗಿಬಿಟ್ಟೆ.

ಹೆಣ್ಣು ನೋಡಲು ಬಂದವಳು ಕುಂಕುಮ ಬೇಡವೆಂದರೆ ಯಾರಾದರೂ ಏನೆಂದುಕೊಳ್ಳಬೇಕು? ಹುಡುಗಿ ತಲೆ ತಗ್ಗಿಸಿದಳು. ಮಗ ನನ್ನನ್ನು ನೋಡಿದ ನೋಟ ಈಗಲೂ ಚುಚ್ಚುತ್ತದೆ. ಹುಡುಗಿಯ ಅಜ್ಜಿ ಮೂಲೆಯಿಂದ, "ಒಪ್ಗೆ ಇಲ್ದಿದ್ರೆ ಓಗ್ಲಿ ಕಣವ್ವ, ಕುಂಕುಮ ಯಾಕ್ ಬ್ಯಾಡ ಅಂತೀಯ?" ಎಂದರು. ನಾಚಿಕೆಯಿಂದ ಹಿಡಿಯಷ್ಟಾದೆ. ಬೇರೆ ದಾರಿಯಿರಲಿಲ್ಲ. ಗಂಡಸರೆಲ್ಲ ಕೂತಿದ್ದ ನಡುಮನೆಯಲ್ಲೇ, "ಹುಡ್ಗಿ ಒಪ್ಗೆ ಅಜ್ಜಿ. ಹುಬ್ಬಿಗೆ ಟ್ಯಾಟೂ ಹಾಕಿಸ್ಕೊಂಡಿದೀನಿ, ಇನ್ನೂ ಹಸಿ ಐತೆ" ಎಂದು ಒಪ್ಪಿಕೊಂಡೆ.

ಅಜ್ಜಿ ಎದ್ದು ಬಂದು ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. "ಅಯ್ಯೋ, ಇದಾ! ಬಂದಾಗ್ನಿಂದ ದುರುಗುಟ್ಕಂಡು ಕುಂತಿದ್ದಲ್ಲವ್ವ, ಇಂಥ ಅತ್ತೆ ಕೈಗೆ ಮಗೀನ ಎಂಗ್ ಕೊಡಾದು ಅಂತ ಎದ್ರುಕಂಡಿದ್ವಿ ಕಣ!" ಮೊದಲು ನಕ್ಕವಳು ಹುಡುಗಿ. ಅವಳ ತಾಯಿ ನನ್ನ ಮುಖದ ತಂಟೆಗೇ ಬರದೆ ಕುಂಕುಮವನ್ನು ತಾಳಿಗೆ ಇಟ್ಟು ಕಳಿಸಿದರು.

ಸಂಬಂಧ ಗಟ್ಟಿಯಾಗಿದೆ. ಹಕ್ಕಳೆಯೂ ಉದುರುತ್ತಿದೆ. ಭಾವಿ ಸೊಸೆ ಆಗಾಗ ಫೋನು ಮಾಡುತ್ತಾಳೆ. ಚೆನ್ನಾಗಿದ್ದೀರಾ, ಊಟ ಆಯಿತಾ ಎಂದು ಕೇಳುವುದಿಲ್ಲ, "ಅತ್ತೆ, ಹುಬ್ಬು ಹೆಂಗಿದೆ?" ಎನ್ನುತ್ತಾಳೆ. ಇನ್ನು ಅವಳು ಮನೆಗೆ ಬಂದ ಮೇಲೆ ಯಾವ ಮುಖ ಇಟ್ಟುಕೊಂಡು ನಾನು ಹುಬ್ಬು ಗಂಟಿಕ್ಕಲಿ?