ಅತ್ತೆಯ ಹಲ್ಲು, ಅಳಿಯನ ಚೀಲ

ಹೆಂಡತಿಯನ್ನು ಮೋಟರ್‌ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಊರೂರು ತಿರುಗುವ ಗಂಡಸರಿಗೆಲ್ಲ ಒಂದು ಸತ್ಯ ಗೊತ್ತಿರುತ್ತದೆ, ಬಾಯಿಬಿಟ್ಟು ಹೇಳುವ ಧೈರ್ಯ ಇರುವುದಿಲ್ಲ. ಗಂಡನ ಕೈಯಲ್ಲಿರುವುದು ಹ್ಯಾಂಡಲ್ ಮಾತ್ರ. ಮಿಕ್ಕ ಸಂಸಾರವೆಲ್ಲ ಹಿಂದಿನ ಸೀಟಿನ ಕೈಚೀಲದಲ್ಲಿರುತ್ತದೆ.

ಅಯೋವಾ ರಾಜ್ಯದ ಡೆಕೋರಾ ಊರಿನ ವರ್ಲಿನ್ ಟಾಲಫ್ಸನ್ ಜೀವಮಾನವೆಲ್ಲ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು. ಬಸ್ಸಿನಲ್ಲಿ ಅರವತ್ತು ಮಕ್ಕಳು ಅವನ ಒಂದು ಗದರಿಕೆಗೆ ತೆಪ್ಪಗಾಗುತ್ತಿದ್ದವು. ನಿವೃತ್ತಿಯ ನಂತರ ಆನೆಗಾತ್ರದ ಮೋಟರ್‌ಸೈಕಲ್ ಕೊಂಡ ಮೇಲೆ ಹಿಂದೆ ಇರುವುದು ಒಬ್ಬಳೇ ಪ್ರಯಾಣಿಕಳು, ಹೆಂಡತಿ ಆರ್ಡಿಸ್. ಆದರೆ ಆ ಒಬ್ಬಳ ಮುಂದೆ ಅವನ ಗದರಿಕೆ ನಡೆಯುತ್ತಿರಲಿಲ್ಲ.

"ಆರ್ಡಿಸ್, ಒಂದು ಕೆಮ್ಮಿನ ಗುಳಿಗೆ ಕೊಡು," ಎಂದು ಅವನು ಗಾಳಿಯಲ್ಲಿ ಕಿರುಚಬೇಕು.

"ಈಗ ತಾನೇ ಕೊಟ್ನಲ್ಲ!"

"ಅದು ಮುಗೀತು!"

"ಅದು ಚೀಪೋಕೆ ಇರೋದು ವರ್ಲಿನ್, ಕಡಿಯೋಕಲ್ಲ. ಮುಂದಿನ ಊರು ಬರ್ಲಿ."

ತಂಪು ಕನ್ನಡಕ ಕೇಳಿದರೆ, "ಸೂರ್ಯ ಮೋಡಕ್ಕೆ ಹೋಗ್ತಿದಾನೆ, ಸುಮ್ನಿರು." ಮೂಗು ಒರೆಸುವ ಕರವಸ್ತ್ರ ಕೇಳಿದರೆ, "ಹೊರಡೋ ಮುಂಚೆ ಯಾಕೆ ಸೀನ್ಲಿಲ್ಲ?" ಹೀಗೆ. ಗಂಟಲು ತನ್ನದು, ಕಣ್ಣು ತನ್ನದು, ಮೂಗೂ ತನ್ನದೇ. ಅನುಮತಿ ಮಾತ್ರ ಹಿಂದಿನಿಂದ ಬರಬೇಕು. (ಬಸ್ಸಿನಲ್ಲಿ ಮೂತ್ರಕ್ಕೆ ಕೈಯೆತ್ತಿದ ಮಕ್ಕಳನ್ನು 'ಶಾಲೆ ಬರ್ಲಿ' ಎಂದು ಕೂರಿಸುತ್ತಿದ್ದದ್ದು ಅವನಿಗೆ ಆಗಾಗ ನೆನಪಾಗಿ ಮನಸ್ಸು ಕಸಿವಿಸಿಯಾಗುತ್ತಿತ್ತು.)

ಹೀಗಿರುವಾಗ, ಪ್ಯಾನ್‌ಕೇಕ್ ತಿನ್ನಲು ಸವಾರರೆಲ್ಲ ನಿಲ್ಲುವ ಹೋಟೆಲಿನ ಮುಂದೆ ವರ್ಲಿನ್‌ಗೆ ಜ್ಞಾನೋದಯವಾಯಿತು. ಯಾರದೋ ಗಾಡಿಯ ಮುಂದೆ ಗಾಳಿ ತಡೆಯುವ ವಿಂಡ್‌ಶೀಲ್ಡಿನ ಒಳಮೈಗೆ, ಹ್ಯಾಂಡಲ್ಲಿನ ಮೇಲ್ಗಡೆ, ಕಪ್ಪು ತೊಗಲಿನ ಚೀಲವೊಂದು ನೇತುಬಿದ್ದಿತ್ತು. ಸಾಲಾಗಿ ಮೂರು ಅರೆಗಳು, ಪ್ರತಿ ಅರೆಗೂ ಮುಚ್ಚಳ. ಕೈ ಚಾಚಿದರೆ ಗುಳಿಗೆ, ಬೆರಳಾಡಿಸಿದರೆ ಕನ್ನಡಕ! ಅರ್ಜಿ ಹಾಕಬೇಕಿಲ್ಲ, ಅಪ್ಪಣೆಗೆ ಕಾಯಬೇಕಿಲ್ಲ. ವರ್ಲಿನ್ ಆ ಚೀಲವನ್ನು ನೋಡಿದ ಪರಿಯನ್ನು ಕಂಡು ಆರ್ಡಿಸ್, "ಏನು, ಪ್ರೀತಿಯಾಯ್ತಾ?" ಎಂದಳು.

ಮುಂದಿನ ವಾರ ಅಂಥದ್ದೇ ಚೀಲ ಅಂಚೆಯಲ್ಲಿ ಬಂತು. ಜೊತೆಗೆ ಅದನ್ನು ಕೂರಿಸುವ ವಿಧಾನದ ಹಾಳೆಯೂ ಇತ್ತು. ಕೈಗೆ ಮೆತ್ತಿದ್ದ ಎಣ್ಣೆಯನ್ನು ವರ್ಲಿನ್ ಆ ಹಾಳೆಯಿಂದ ಒರೆಸಿಕೊಂಡ.

"ಅದನ್ನ ಓದಬಾರ್ದಾ?" ಎಂದಳು ಆರ್ಡಿಸ್.

"ಇಷ್ಟು ವರ್ಷ ಬಸ್ಸು ಓಡಿಸಿದೀನಿ. ಒಂದು ಚೀಲ ಕಟ್ಟೋಕೆ ಹಾಳೆ ಓದ್ಬೇಕಾ?"

"ಬಸ್ಸಿಗೆ ಯಾವತ್ತು ಚೀಲ ಕಟ್ಟಿದ್ದೆ?"

ಈ ಬಗೆಯ ಪ್ರಶ್ನೆಗಳಿಗೆ ಉತ್ತರ ಕೊಡುವುದು ಗಂಡಸಿನ ಘನತೆಗೆ ತಕ್ಕದ್ದಲ್ಲ. ವರ್ಲಿನ್ ಗ್ಯಾರೇಜಿಗೆ ಹೋಗಿ ಬಾಗಿಲೆಳೆದುಕೊಂಡು ಶಸ್ತ್ರಚಿಕಿತ್ಸೆ ಶುರುಮಾಡಿದ. ಚೀಲದ ಮೇಲಂಚನ್ನು ವಿಂಡ್‌ಶೀಲ್ಡಿನ ಸ್ಕ್ರೂಗಳ ಅಡಿಗೆ ತೂರಿಸಿ ಬಿಗಿದುಬಿಟ್ಟರೆ ಭೂಕಂಪವಾದರೂ ಅಲ್ಲಾಡಬಾರದು ಎಂಬುದು ಅವನ ಸಿದ್ಧಾಂತ. ಹಾಗೆಂದು ಒಂದೊಂದಾಗಿ ಸ್ಕ್ರೂ ಬಿಚ್ಚುತ್ತ ಹೋದ. ಕೊನೆಯ ಸ್ಕ್ರೂ ಬಿಚ್ಚಿದಾಗ, ಆ ಸ್ಕ್ರೂಗಳು ಅಲ್ಲಿ ಯಾಕಿದ್ದವು ಎಂಬುದು ಅವನಿಗೆ ತಿಳಿಯಿತು. ವಿಂಡ್‌ಶೀಲ್ಡ್ ಇಡಿಯಾಗಿ ಕಳಚಿ ಅವನ ತೆಕ್ಕೆಗೆ ಬಿತ್ತು. ಹಿಡಿಯುವ ಗಡಿಬಿಡಿಯಲ್ಲಿ ಕಾಲು ತಾಗಿ ಸ್ಕ್ರೂ ತುಂಬಿದ ಬಟ್ಟಲು ಉರುಳಿತು.

ಕಾಫಿಗೆ ಕರೆಯಲು ಬಂದ ಆರ್ಡಿಸ್‌ಗೆ ಕಂಡದ್ದು, ನೆಲದ ಮೇಲೆ ಕಾಲು ಚಾಚಿ, ವಿಂಡ್‌ಶೀಲ್ಡನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತ ಗಂಡ.

"ಲಾಲಿ ಹಾಡ್ತಿದೀಯಾ?"

"ಬಾಗಿಲು ಹಾಕ್ಕೊಂಡು ಹೋಗು!"

ಸ್ಕ್ರೂಗಳಲ್ಲಿ ಒಂದೆರಡು ಗ್ಯಾರೇಜಿನ ಮೂಲೆಗಳಲ್ಲಿ ಅಜ್ಞಾತವಾಸಕ್ಕೆ ಹೋದವು. ಅವುಗಳ ಸ್ಥಾನಕ್ಕೆ ವರ್ಲಿನ್ ಬೂದುಬಣ್ಣದ ಅಂಟುಪಟ್ಟಿಯನ್ನು ನೇಮಿಸಿದ. ಒಂದು ಸುತ್ತು, ಎರಡು ಸುತ್ತು, ನಂಬಿಕೆ ಸಾಲದೆ ಇನ್ನೊಂದಿಷ್ಟು ಸುತ್ತು. ಕೊನೆಗೆ ಚೀಲ ಕೂತಿತು. ಕೂತಿತು ಎನ್ನುವುದಕ್ಕಿಂತ ಜೋತುಬಿತ್ತು ಎನ್ನಬೇಕು. ದೂರ ನಿಂತು, ತಲೆ ಓರೆಮಾಡಿ, ಒಂದು ಕಣ್ಣು ಮುಚ್ಚಿ ನೋಡಿದರೆ ನೆಟ್ಟಗೇ ಕಾಣುತ್ತಿತ್ತು.

ಮರುದಿನವೇ ಅದರ ಪರೀಕ್ಷೆ. ಆರ್ಡಿಸಳ ತಾಯಿ ಬೋರ್ಗಿಲ್ಡ್‌ಗೆ ತೊಂಬತ್ತು ತುಂಬುತ್ತಿತ್ತು. ಮಿಸಿಸಿಪ್ಪಿ ನದಿ ದಾಟಿ ಲಾಕ್ರಾಸ್ ಊರಿನ ವೃದ್ಧಾಶ್ರಮದಲ್ಲಿ ಆಕೆಯ ವಾಸ. ಮಕ್ಕಳು ಮೊಮ್ಮಕ್ಕಳು ಮರಿಮಕ್ಕಳು ನಾಲ್ಕು ರಾಜ್ಯಗಳಿಂದ ಬಂದು ಸೇರುವವರಿದ್ದರು. ಮಧ್ಯಾಹ್ನ ಛಾಯಾಗ್ರಾಹಕ ಬಂದು ಎಲ್ಲರನ್ನೂ ಒಟ್ಟಿಗೆ ಕೂರಿಸಿ ಫೋಟೋ ತೆಗೆಯುವುದು. ಎಲ್ಲ ಸರಿ, ಆದರೆ ಅಜ್ಜಿಗೆ ಹಲ್ಲಿರಲಿಲ್ಲ. ಎರಡು ವಾರದ ಹಿಂದೆ ಗಟ್ಟಿ ಮಿಠಾಯಿ ಕಡಿದು ಹಲ್ಲಿನ ಸೆಟ್ಟು ಎರಡು ಹೋಳಾಗಿತ್ತು. ಡೆಕೋರಾದ ತನ್ನ ಹಳೆಯ ದಂತವೈದ್ಯನ ಹೊರತು ಬೇರೆಯವರನ್ನು ನಂಬದ ಅಜ್ಜಿ ಅದನ್ನು ಅಲ್ಲಿಗೇ ಕಳಿಸಿದ್ದಳು. ದುರಸ್ತಿಯಾದ ಹಲ್ಲನ್ನು ತಲುಪಿಸುವ ಭಾರ ಮಗಳು ಅಳಿಯನದು.

"ಅಯ್ಯಿಯ್ದೆ ಓಓಗೆ ಊಯಲ್ಲ!" ಎಂದು ಅಜ್ಜಿ ಫೋನಿನಲ್ಲಿ ಗುಡುಗಿದಳು. ಹಲ್ಲಿಲ್ಲದೆ ಫೋಟೋಗೆ ಕೂರಲ್ಲ ಎಂದರ್ಥ.

(ಎರಡು ವಾರದಿಂದ ಅತ್ತೆ ಹೇಳಿದ್ದು ಒಂದೂ ಅರ್ಥವಾಗದೆ ವರ್ಲಿನ್ ಪರಮಸುಖದಲ್ಲಿದ್ದ. ಎರಡು ಭಾನುವಾರವೂ ಚರ್ಚಿನಲ್ಲಿ ಆ ಮಿಠಾಯಿಗೆ ಮನಸ್ಸಿನಲ್ಲೇ ಕೃತಜ್ಞತೆ ಸಲ್ಲಿಸಿದ್ದ.)

"ಹಲ್ಲಿನ ಡಬ್ಬಿ ನನ್ ಬ್ಯಾಗಲ್ಲಿ ಹಾಕ್ಕೋತೀನಿ," ಎಂದಳು ಆರ್ಡಿಸ್.

"ಯಾಕೆ? ಇಲ್ಲಿ ಚೀಲ ಇರೋದು ಯಾತಕ್ಕೆ? ನಿಮ್ಮಮ್ಮನ ಹಲ್ಲು ನನ್ನ ಕಣ್ಣೆದುರಿಗೇ ಇರುತ್ತೆ. ರಾಜಮರ್ಯಾದೆ!"

"ಏನಾದ್ರೂ ಆದ್ರೆ ಅಮ್ಮ ನಿನ್ನ ಬಿಡಲ್ಲ ನೋಡು."

"ಹಲ್ಲಿಲ್ದೆ ಏನು ಮಾಡ್ತಾರೆ?" ಎಂದ ವರ್ಲಿನ್. ಡಬ್ಬಿಯನ್ನು ನಡುವಿನ ಅರೆಗೆ, ಗುಳಿಗೆಗಳ ಪೊಟ್ಟಣ ಮತ್ತು ತನ್ನ ಲೈಸೆನ್ಸಿನ ಪಕ್ಕ ಇಳಿಬಿಟ್ಟ.

ಜೂನ್ ತಿಂಗಳ ಬಿಸಿಲು, ಎರಡೂ ಕಡೆ ಮೊಣಕಾಲೆತ್ತರದ ಮೆಕ್ಕೆಜೋಳ, ಗಾಳಿಯಲ್ಲಿ ಹಂದಿ ಸಾಕಣೆಯ ಪರಿಮಳ. ವರ್ಲಿನ್ ಕೈ ಚಾಚಿ ಒಂದು ಗುಳಿಗೆ ತೆಗೆದು ಬಾಯಿಗೆ ಹಾಕಿಕೊಂಡ. ಕೆಮ್ಮು ಇರಲಿಲ್ಲ, ಆದರೂ ಹಾಕಿಕೊಂಡ. ಸ್ವಲ್ಪ ದೂರ ಹೋಗಿ ಇನ್ನೊಂದು. ಸ್ವಾತಂತ್ರ್ಯದ ರುಚಿ ಪುದೀನದಂತೆ ಇರುತ್ತದೆಂದು ಅವನಿಗೆ ಅಂದು ಗೊತ್ತಾಯಿತು. ನಾಲ್ಕನೆಯದನ್ನು ತೆಗೆಯುವಾಗ ಹಲ್ಲಿನ ಡಬ್ಬಿ ಅಡ್ಡ ಬಂತೆಂದು ಅದನ್ನು ಬೆರಳಿನಿಂದ ಒಂದಿಷ್ಟು ಒತ್ತಿ ಸರಿಸಿದ.

ಬಿಸಿಲಿಗೆ ಅಂಟುಪಟ್ಟಿ ಮೆತ್ತಗಾಗತೊಡಗಿತು. ಮಿಸಿಸಿಪ್ಪಿಯ ಸೇತುವೆ ದಾಟಿ ವಿಸ್ಕಾನ್ಸಿನ್ ರಾಜ್ಯದಲ್ಲಿ, ಎಡದ ದೀಪ ಹಾಕಿ ಉತ್ತರಕ್ಕೆ ತಿರುಗುವ ಹೊತ್ತಿಗೆ ಚೀಲ ಸದ್ದಿಲ್ಲದೆ ಕೆಳಗಿಳಿದು ವೇಗ ತೋರಿಸುವ ಮುಳ್ಳಿನ ಮೇಲೆ, ತಿರುವಿನ ದೀಪದ ಸೂಚಕದ ಮೇಲೆ ಕಾವಿಗೆ ಕೂತ ಕೋಳಿಯ ಹಾಗೆ ಕೂತುಬಿಟ್ಟಿತು. ವರ್ಲಿನ್ ಎಳೆದು ಮೇಲಕ್ಕೆ ಕೂರಿಸಿದ. ಅದು ಮತ್ತೆ ಇಳಿಯಿತು. ಇರಲಿ ಬಿಡು, ವೇಗ ನೋಡಲು ಕಣ್ಣು ಯಾಕೆ, ಅನುಭವ ಸಾಕು ಎಂದುಕೊಂಡ.

ಇಂದು ರಸ್ತೆಯಲ್ಲಿ ಜನ ಅದೆಷ್ಟು ಒಳ್ಳೆಯವರಾಗಿದ್ದರು! ಹಿಂದಿನ ಲಾರಿಯವನು ಹಾರ್ನ್ ಮಾಡಿದ. ಪಕ್ಕದಲ್ಲಿ ಹಾದುಹೋದ ಕಾರಿನವರು ಕೈ ಬೀಸಿದರು. ಒಬ್ಬ ಮುದುಕಿ ಕಿಟಕಿಯಿಂದ ತಲೆ ಹೊರಹಾಕಿ ಏನೋ ಕೂಗಿ ಎಡಗಡೆಗೆ ಬೆರಳು ತೋರಿಸಿದಳು. ಚೀಲ ನೋಡಿ ಮೆಚ್ಚಿಕೊಳ್ಳುತ್ತಿದ್ದಾರೆ ಎಂದು ವರ್ಲಿನ್ ಎಲ್ಲರಿಗೂ ಗಂಭೀರವಾಗಿ ಕೈಯೆತ್ತಿ ವಂದಿಸಿದ. ಆರ್ಡಿಸ್ ಬೆನ್ನಿಗೆ ಗುದ್ದತೊಡಗಿದಳು.

"ನಿಂಗೆ ಏನು ಬೇಕೋ ಅದು ನಿನ್ ಬ್ಯಾಗಲ್ಲೇ ಇರುತ್ತೆ ನೋಡ್ಕೋ!" ಎಂದು ಕೂಗಿ ಹೇಳಿದ. ಎಷ್ಟೋ ದಿನದಿಂದ ಹೇಳಬೇಕೆಂದಿದ್ದ ಮಾತು.

ಇನ್ನೂ ಜೋರಾಗಿ ಗುದ್ದು ಬಿತ್ತು. ಆಮೇಲೆ ಹಿಂದೆ ಸೈರನ್ ಕೇಳಿಸಿತು.

ಪೊಲೀಸ್ ಕಾರಿನಿಂದ ಇಳಿದು ಬಂದವಳು ಚಿಕ್ಕ ವಯಸ್ಸಿನ ಅಧಿಕಾರಿಣಿ. ವರ್ಲಿನ್‌ನನ್ನು, ಚೀಲವನ್ನು, ಅಂಟುಪಟ್ಟಿಯನ್ನು ಸಾವಕಾಶವಾಗಿ ನೋಡಿದಳು.

"ಎಡಕ್ಕೆ ಎಲ್ಲಿಗೆ ಹೋಗ್ಬೇಕು ಸಾರ್?"

"ಎಡಕ್ಕಾ? ಇಲ್ಲಪ್ಪ, ನೇರ ಲಾಕ್ರಾಸ್‌ಗೆ."

"ಆಗ್ಲಿಂದ ಎಡಕ್ಕೆ ತಿರುಗ್ತೀನಿ, ಎಡಕ್ಕೆ ತಿರುಗ್ತೀನಿ ಅಂತ ದೀಪ ಹಾಕ್ಕೊಂಡು ಬರ್ತಿದೀರಿ. ಎಡಕ್ಕಿರೋದು ಮಿಸಿಸಿಪ್ಪಿ ನದಿ ಸಾರ್. ಹಿಂದಿನೋರು ನೀವು ಎಲ್ಲಿ ಇಳೀತೀರಿ ಅಂತ ಕಾದು ಕಾದು ಸುಸ್ತಾಗಿ ನಮಗೆ ಫೋನ್ ಮಾಡಿದಾರೆ. ಎಷ್ಟು ಸ್ಪೀಡಲ್ಲಿದ್ರಿ ಅಂತ ಗೊತ್ತಾ?"

ವರ್ಲಿನ್ ಚೀಲದ ಕಡೆ ನೋಡಿದ. ಚೀಲ ಉತ್ತರ ಕೊಡಲಿಲ್ಲ.

"ಲೈಸೆನ್ಸ್ ತೋರಿಸಿ."

"ಇಲ್ಲೇ ಇದೆ ಮೇಡಂ, ಕೈಗೆ ಸಿಗೋ ಹಾಗೇ ಇಟ್ಟಿದೀನಿ," ಎಂದು ವರ್ಲಿನ್ ಹೆಮ್ಮೆಯಿಂದಲೇ ನಡುವಿನ ಅರೆಯ ಮುಚ್ಚಳ ತೆರೆದ.

ಡಬ್ಬಿ ಯಾವಾಗಲೋ ಬಾಯಿಬಿಟ್ಟಿತ್ತು. ಕರಗಿದ ಕೆಮ್ಮಿನ ಗುಳಿಗೆಗಳ ಹಾಸಿಗೆಯ ಮೇಲೆ, ಅವನ ಲೈಸೆನ್ಸನ್ನು ಗಟ್ಟಿಯಾಗಿ ಕಚ್ಚಿಕೊಂಡು, ಪೂರ್ತಿ ಒಂದು ಸೆಟ್ ಹಲ್ಲು ಅಧಿಕಾರಿಣಿಯ ಕಡೆ ನೋಡಿ ಕಿಸಿಯಿತು.

ಆಕೆ ನಿಧಾನವಾಗಿ ಕಪ್ಪು ಕನ್ನಡಕ ತೆಗೆದಳು.

"ಇದು ಯಾರದು?"

"ನಮ್ಮತ್ತೇದು."

"ಹೂಂ." ಆಕೆಯ ಒಂದು ಕೈ ಹೆಗಲ ಮೇಲಿನ ವೈರ್‌ಲೆಸ್ಸಿಗೆ ಹೋಯಿತು. "ಮಿಕ್ಕ ಅತ್ತೆ ಎಲ್ಲಿದಾರೆ?"

ಹೆಲ್ಮೆಟ್ ತೆಗೆದು ಕೆಳಗಿಳಿದ ಆರ್ಡಿಸಳೇ ಅಮ್ಮನ ವಯಸ್ಸು, ಮಿಠಾಯಿ, ಡೆಕೋರಾದ ದಂತವೈದ್ಯ, ಫೋಟೋ, ಗಂಡನ ಗ್ಯಾರೇಜು ಎಲ್ಲವನ್ನೂ ವಿವರಿಸಿದಳು. ಗ್ಯಾರೇಜಿನ ಭಾಗ ಕಥೆಗೆ ಅಷ್ಟೇನೂ ಅಗತ್ಯವಿರಲಿಲ್ಲ ಎಂದು ವರ್ಲಿನ್‌ನ ಅಭಿಪ್ರಾಯ. ಅಧಿಕಾರಿಣಿ ಕೆಮ್ಮಿದಳು. ಇನ್ನೊಮ್ಮೆ ಕೆಮ್ಮಿ ಮುಖ ನದಿಯ ಕಡೆ ತಿರುಗಿಸಿಕೊಂಡಳು. ಅವಳ ಭುಜ ಅಲುಗುತ್ತಿತ್ತು.

"ಈ ಸಲ ಎಚ್ಚರಿಕೆ ಕೊಟ್ಟು ಬಿಡ್ತೀನಿ," ಎಂದಳು ತಿರುಗಿ. "ಆದ್ರೆ ಆ ಚೀಲ ಇಲ್ಲೇ ಬಿಚ್ಚಬೇಕು."

ತನ್ನ ಚಾಕುವಿನಿಂದಲೇ ಅಂಟುಪಟ್ಟಿ ಕೊಯ್ದುಕೊಟ್ಟಳು. ಚೀಲ ಆರ್ಡಿಸಳ ಮಡಿಲು ಸೇರಿತು. ಸ್ಕ್ರೂ ಸಾಲದ ವಿಂಡ್‌ಶೀಲ್ಡ್ ಉಳಿದ ದಾರಿಯುದ್ದಕ್ಕೂ ಕಟಕಟ ನಡುಗಿತು.

ವೃದ್ಧಾಶ್ರಮದ ಬಾಗಿಲಿನಿಂದಲೇ ಆರ್ಡಿಸ್ ಬಚ್ಚಲಿಗೆ ಓಡಿ, ದವಡೆ ಹಲ್ಲಿಗೆ ಕಚ್ಚಿಕೊಂಡಿದ್ದ ಗುಳಿಗೆಯನ್ನು ಹೇರ್‌ಪಿನ್ನಿನಿಂದ ಕೆತ್ತಿ, ತೊಳೆದು ತಂದಳು. ಬಂಧುಬಳಗವೆಲ್ಲ ಕುರ್ಚಿಗಳಲ್ಲಿ ಸಾಲಾಗಿ ಕೂತಿತ್ತು. ನೀಲಿ ರೇಷ್ಮೆ ಬಟ್ಟೆ ತೊಟ್ಟ ಬೋರ್ಗಿಲ್ಡ್ ಅಜ್ಜಿ ನಡುವೆ ಮಹಾರಾಣಿಯಂತೆ ತುಟಿ ಬಿಗಿದುಕೊಂಡಿದ್ದಳು. ಕರವಸ್ತ್ರದ ಮರೆಯಲ್ಲಿ ಹಲ್ಲು ಕೂರಿಸಿಕೊಂಡಳು. ನಾಲಿಗೆ ಒಂದು ಸುತ್ತು ತಿರುಗಿತು.

"ಪುದೀನ ವಾಸನೆ ಬರ್ತಿದೆ."

ವರ್ಲಿನ್ ಹೆಂಡತಿಯ ಬೆನ್ನ ಹಿಂದೆ ಸರಿದ.

"ಈಗ ಹಾಗೇ ತೊಳೀತಾರಂತೆ ಅಮ್ಮ," ಎಂದಳು ಆರ್ಡಿಸ್, ರೆಪ್ಪೆಯನ್ನೂ ಅಲುಗಿಸದೆ.

ವರ್ಲಿನ್‌ಗೆ ಆ ಗಳಿಗೆಯಲ್ಲಿ ಹೆಂಡತಿಯ ಮೇಲೆ ಮದುವೆಯ ದಿನಕ್ಕಿಂತ ಹೆಚ್ಚು ಪ್ರೀತಿ ಉಕ್ಕಿತು. ಫೋಟೋ ಆಯಿತು. ಅಜ್ಜಿ ಎಲ್ಲ ಹಲ್ಲೂ ಕಾಣುವಂತೆ ನಕ್ಕಳು. ನಗು ಮುಗಿಯುತ್ತಿದ್ದ ಹಾಗೆ, ಎರಡು ವಾರದಿಂದ ಕಟ್ಟೆ ಕಟ್ಟಿದ್ದ ಮಾತು ಒಡೆದು ಅಳಿಯನ ಮೇಲೆ ಹರಿಯಿತು.

"ಏನು ವರ್ಲಿನ್, ಹೊಟ್ಟೆ ಇನ್ನೂ ಬೆಳೀತಾನೇ ಇದೆ? ಕೂದಲು ಯಾಕೆ ಕತ್ತರಿಸ್ಕೊಂಡಿಲ್ಲ? ಈ ವಯಸ್ಸಲ್ಲಿ ಆ ಗಾಡಿ ಬೇಕಾ ನಿಂಗೆ? ನನ್ ಮಗಳ ಮುಖ ನೋಡು, ಧೂಳು ಹೊಡೆದ ಆಲೂಗೆಡ್ಡೆ ಆಗಿದೆ. ಫೋನಲ್ಲಿ ಎಷ್ಟು ಹೇಳಿದ್ರೂ ಹೂಂ ಹೂಂ ಅಂತಿದ್ದೆ, ಅರ್ಥ ಆಗಿತ್ತೋ ಇಲ್ವೋ? ಅದೇನದು, ಆರ್ಡಿಸ್ ಕೈಲಿರೋ ಚೀಲ?"

"ಮೋಟರ್‌ಸೈಕಲ್ಲಿಗೆ ಹಾಕೋದು ಅಮ್ಮ," ಎಂದ ವರ್ಲಿನ್ ಕ್ಷೀಣವಾಗಿ. "ಕೂರಿಸೋದು ಬಹಳ ಕಷ್ಟ. ಎಲ್ಲರ ಕೈಲೂ ಆಗೋ ಕೆಲಸ ಅಲ್ಲ."

"ತಾ ಇಲ್ಲಿ."

ಅಜ್ಜಿ ಚೀಲವನ್ನು ತಿರುಗಿಸಿ ಮುರುಗಿಸಿ ನೋಡಿದಳು. ಬೆನ್ನಿನ ಕಡೆ ಒಂದು ಮಡಿಕೆಯಿತ್ತು. ಉಗುರಿನಿಂದ ಎತ್ತಿದಳು. ಒಳಗಿನಿಂದ ಮೂರು ಪಟ್ಟಿಗಳು ಹೊರಬಂದವು, ಒಂದೊಂದರ ತುದಿಗೂ ಒತ್ತುಗುಂಡಿ. ಅಜ್ಜಿ ತಾನು ಹಿಡಿದು ನಡೆಯುವ ವಾಕರನ್ನು ಹತ್ತಿರಕ್ಕೆಳೆದು, ಮುಂದಿನ ಅಡ್ಡಸರಳಿಗೆ ಪಟ್ಟಿ ಸುತ್ತಿದಳು. ಟಕ್. ಟಕ್. ಟಕ್. ಚೀಲ ನೆಟ್ಟಗೆ, ಬಿಗಿಯಾಗಿ, ಹುಟ್ಟಿದಾಗಿನಿಂದ ಅಲ್ಲೇ ಇದ್ದ ಹಾಗೆ ಕೂತಿತು.

ವರ್ಲಿನ್‌ಗೆ ಮೋಟರ್‌ಸೈಕಲ್ಲಿನ ವಿಂಡ್‌ಶೀಲ್ಡಿಗೂ ಅಂಥದ್ದೇ ಒಂದು ಅಡ್ಡಸರಳು ಇರುವುದು ಕಣ್ಣಮುಂದೆ ಬಂತು. ಆರ್ಡಿಸ್ ಅವನನ್ನು ನೋಡುತ್ತಿದ್ದಳು. ಅವನು ಕೇಕಿನ ಕಡೆ ನೋಡಿದ.

"ಇದರಲ್ಲಿ ಏನು ಕಷ್ಟ ಅಂದೆ?" ಎಂದಳು ಅಜ್ಜಿ.

"ಏನೂ ಇಲ್ಲ ಅಮ್ಮ."

"ಚೀಲ ನನಗಿರ್ಲಿ. ಹುಟ್ಟುಹಬ್ಬಕ್ಕೆ ಬರಿಗೈಲಿ ಬಂದಿದೀಯ." ಅರೆಗಳಲ್ಲಿದ್ದ ಅವನ ತಂಪು ಕನ್ನಡಕ, ಕರವಸ್ತ್ರ, ಅಂಟಂಟಾದ ಲೈಸೆನ್ಸು ಒಂದೊಂದನ್ನೇ ತೆಗೆದು ಅವನ ಬೊಗಸೆಗೆ ಹಾಕಿದಳು. ಬೊಗಸೆ ತುಂಬಿಕೊಂಡು ಅವನು ಎಲ್ಲಿಡುವುದೆಂದು ತಿಳಿಯದೆ ನಿಂತ. ಆರ್ಡಿಸ್ ತನ್ನ ಕೈಚೀಲದ ಬಾಯಿ ಅಗಲಿಸಿ ಅವನ ಮುಂದೆ ಹಿಡಿದಳು.

"ಹಾಕು ಮಹಾರಾಯ."

ಅಷ್ಟರಲ್ಲಿ ಆಶ್ರಮದ ಅಜ್ಜಿಯರು ತಂತಮ್ಮ ವಾಕರ್ ತಳ್ಳಿಕೊಂಡು ಬೋರ್ಗಿಲ್ಡಳ ಸುತ್ತ ನೆರೆದಿದ್ದರು. ಒಬ್ಬಳು ಮುಚ್ಚಳ ತೆರೆದು ನೋಡಿದಳು, ಒಬ್ಬಳು ತೊಗಲು ಸವರಿದಳು. "ನಮಗೂ ಒಂದು ಸಿಗುತ್ತಾ? ಯಾರು ಹಾಕಿಕೊಡ್ತಾರೆ?" ಎಂದು ಕೇಳಿದವಳು ಕನ್ನಡಕದ ಅಜ್ಜಿಯೊಬ್ಬಳು.

ವರ್ಲಿನ್ ಗಂಟಲು ಸರಿಮಾಡಿಕೊಂಡು, ಎದೆ ಸ್ವಲ್ಪ ಮುಂದೆ ಮಾಡಿ ಬಾಯಿ ತೆರೆದ.

"ತಂದುಕೊಡೋದು ಅವನು," ಎಂದಳು ಬೋರ್ಗಿಲ್ಡ್, ದುರಸ್ತಿಯಾದ ಹಲ್ಲಿನಲ್ಲಿ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳುವಂತೆ. "ಕೂರಿಸೋದು ನಾನು. ಅವನು ಮುಟ್ಟದಿದ್ರೆ ಸಾಕು."