ಫ್ರೀಜರಿನ ಮಂಜೂ ನನ್ನ ಸಿಟ್ಟೂ

ನನಗೆ ಸಿಟ್ಟು ಬರುವುದು ಹೆಚ್ಚಾಗಿ ವಸ್ತುಗಳ ಮೇಲೆ, ಮನುಷ್ಯರ ಮೇಲಲ್ಲ. ಆದರೆ ವಸ್ತುಗಳಿಗೆ ಕಿವಿಯಿಲ್ಲವಲ್ಲ, ಬೈಗುಳವೆಲ್ಲ ಪಕ್ಕದಲ್ಲಿ ನಿಂತವರ ಪಾಲಾಗುತ್ತದೆ. ಮಧುಗಿರಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು ನಾನು. ಶಾಖದ ಪಾಠ ಮಾಡಿ ಮಾಡಿ ಗಂಟಲು ಸವೆದಿದೆ. ಅಂಥವನ ಮನೆಯ ಫ್ರಿಜ್ಜೇ, ಬೆಟ್ಟದ ಬಂಡೆ ಕಾದು ಊರಿಗೆಲ್ಲ ಝಳ ಹೊಡೆಯುವ ಬೇಸಗೆಯಲ್ಲಿ ಕೈಕೊಟ್ಟಿತು. ಮೇಲೆ ಫ್ರೀಜರಿನಲ್ಲಿ ಗೇಣು ದಪ್ಪ ಮಂಜು, ಕೆಳಗಿನ ಖಾನೆಯಲ್ಲಿ ಹಾಲು ಒಡೆಯುವಷ್ಟು ಬೆಚ್ಚಗೆ. "ಮಂಜು ತಾನಾಗೇ ಕರಗುತ್ತೆ ಸಾರ್, ನೀವೇನೂ ಮಾಡೋದೇ ಬೇಡ" ಎಂದು ಹಲ್ಲು ಕಿರಿದು ಮಾರಿದ ಅಂಗಡಿಯವನ ಮುಖ ನೆನೆದರೆ ಈಗಲೂ ಮೈ ಉರಿಯುತ್ತದೆ.

ಹಾಲು ಹಾಳಾಗಲಿ, ಇನ್ನೊಂದು ಲೀಟರ್ ತಂದರಾಯಿತು. ಎದುರು ಮನೆಯ ಲಕ್ಷ್ಮಕ್ಕನ ಇನ್ಸುಲಿನ್ ಇದ್ದದ್ದೂ ಅದೇ ಖಾನೆಯಲ್ಲಿ. ನಿಡುಗಲ್ ಕಡೆಯವರು, ಎಪ್ಪತ್ತು ದಾಟಿದೆ, ಮನೆಯಲ್ಲಿ ಫ್ರಿಜ್ಜಿಲ್ಲ. ದಿನಕ್ಕೆರಡು ಸಲ ನಮ್ಮಲ್ಲಿಗೆ ಬಂದು ತೆಗೆದುಕೊಳ್ಳುತ್ತಿದ್ದರು. ಔಷಧ ಕೆಟ್ಟರೆ ಆ ಮುದುಕಿಯ ಗತಿ ಏನು ಎಂದು ನನಗೆ ನಿಜವಾಗಿ ಭಯವಾಯಿತು. ನನ್ನ ಭಯ ಬಾಯಿಂದ ಹೊರಡುವಾಗ ಸಿಟ್ಟಾಗಿರುತ್ತದೆ, ಅದೇ ಕಷ್ಟ.

ಮೊಬೈಲಿನಲ್ಲಿ ವಿಡಿಯೋ ನೋಡಿ ನಾನೇ ರೋಗ ಪತ್ತೆಗೆ ಇಳಿದೆ. ಮಂಜು ಕರಗಿಸುವ ಹೀಟರ್ ಸುಟ್ಟಿದೆ ಎಂದೆ. ಅಲ್ಲ, ಟೈಮರ್ ಹೋಗಿದೆ ಎಂದೆ. ನೀರಿಳಿಯುವ ತೂತು ಕಟ್ಟಿರಬೇಕು ಎಂದು ಊದುಬತ್ತಿ ಕಡ್ಡಿ ತೂರಿಸಿದೆ; ಅದೂ ಒಳಗೇ ಮುರಿಯಿತು. ತಲೆ ಕೆಟ್ಟುಹೋಯಿತು.

"ಸಿರಾದಿಂದ ಫ್ರಿಜ್ ರಿಪೇರಿ ಬಾಷಾನ ಕರ್ಸ್ರಿ. ನನ್ ಮೇಲ್ಯಾಕೆ ಎಗರ್ತೀರಾ?" ಎಂದಳು ಹೆಂಡತಿ. ಅದೇ ಹೊತ್ತಿಗೆ ಲಕ್ಷ್ಮಕ್ಕ ಬಂದು ಫ್ರಿಜ್ಜಿನ ಬಾಗಿಲಿಗೆ ಕೈ ಹಾಕಿದರು.

"ಹಿಂಗೆ ಹೊತ್ತುಹೊತ್ತಿಗೂ ತೆಗೆದು ತೆಗೆದೇ ಇದು ಹಾಳಾಗಿರೋದು!" ಎಂದು ಕಿರುಚಿಬಿಟ್ಟೆ. ಅವರು ಔಷಧದ ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟುಹೋದರು.

ಮರುದಿನ ಬಂದ ಬಾಷಾ ಹೀಟರನ್ನು ಕಣ್ಣೆತ್ತಿಯೂ ನೋಡಲಿಲ್ಲ. ಒಂದು ಕಾಗದದ ಚೂರನ್ನು ಫ್ರೀಜರ್ ಬಾಗಿಲಿಗೆ ಸಿಕ್ಕಿಸಿ ಸುತ್ತಲೂ ಎಳೆದು ನೋಡಿದ. ಮೂರು ಕಡೆ ಬಿಗಿಯಾಗಿತ್ತು, ಗೋಡೆಯ ಕಡೆ ಮಾತ್ರ ಸಲೀಸಾಗಿ ಜಾರಿ ಬಂತು. ಫ್ರಿಜ್ಜನ್ನು ಈಚೆಗೆಳೆದು, ಬಾಗಿಲ ರಬ್ಬರಿನ ಸಂದಿಯಿಂದ ಒಂದು ದಪ್ಪ ದಾರ ಕಿತ್ತ. ಅದರಲ್ಲಿ ಒಣಗಿದ ಸೇವಂತಿಗೆ ತೊಟ್ಟುಗಳಿದ್ದವು.

"ಅರೇ ಸಾರ್, ಆಯುಧ ಪೂಜೆ ಹಾರ! ಈ ಸಂದೀಲಿ ಹೊರಗಿನ ಗಾಳಿ ಒಳಕ್ಕೆ ಹೋಗಿ ಮಂಜು ಕಟ್ತೈತೆ, ತಣ್ಣನೆ ಗಾಳಿ ಕೆಳಕ್ಕೆ ಇಳಿಯಲ್ಲ. ಹೀಟರ್ ಪಾಪ, ಎಷ್ಟೂಂತ ಕರಗಿಸ್ತದೆ? ಯಾರ್ ಸಾರ್ ಕಟ್ಟಿದ್ದು?"

ಹೆಂಡತಿ ನನ್ನನ್ನೇ ನೋಡಿದಳು. ಸ್ಕೂಟರಿಗೆ, ಮಿಕ್ಸಿಗೆ ಹೂ ಹಾಕಿದ ಮೇಲೆ, ಫ್ರಿಜ್ಜಿನ ಹಾರ ಜಾರದಿರಲಿ ಎಂದು ಮೇಲಿನ ಕೀಲಿನಿಂದ ಕೆಳಗಿನ ಕೀಲಿಗೆ ಬಾಗಿಲ ಸಂದಿಯಲ್ಲೇ ದಾರ ಬಿಗಿದವನು ನಾನೇ. ಹೂ ಉದುರಿದ ಮೇಲೆ ಅವಳು ಕತ್ತರಿ ತಂದಾಗ, "ಪೂಜೆ ದಾರ ಕತ್ತರಿಸ್ತಾರೇನೇ?" ಎಂದು ಗದರಿದ ವಿಜ್ಞಾನದ ಮೇಷ್ಟ್ರೂ ನಾನೇ.

ಮಂಜೆಲ್ಲ ಕರಗಿ ಫ್ರಿಜ್ಜು ಮತ್ತೆ ತಣ್ಣಗಾದ ಮೇಲೆ ಲಕ್ಷ್ಮಕ್ಕನ ಮನೆಗೆ ಹೋದೆ. ಅವರು ದೊಡ್ಡ ಮಡಕೆಗೆ ಹಸಿ ಮರಳು ತುಂಬಿ, ಅದರೊಳಗೆ ಪುಟ್ಟ ಕುಡಿಕೆ ಹೂತು, ಕುಡಿಕೆಯಲ್ಲಿ ಔಷಧ ಇಟ್ಟು, ಒದ್ದೆ ಬಟ್ಟೆ ಹೊದಿಸಿದ್ದರು. ಮುಟ್ಟಿ ನೋಡಿದೆ. ತಂಪಾಗಿತ್ತು.

"ತಪ್ಪು ನಂದೇ ಲಕ್ಷ್ಮಕ್ಕ. ಔಷಧಿ ನಮ್ಮನೇಲೇ ಇಡಿ, ಬನ್ನಿ" ಎಂದೆ.

"ಬ್ಯಾಡ ಬುಡಿ ಮೇಷ್ಟ್ರೇ," ಎಂದು ನಕ್ಕರು. "ಎಷ್ಟು ಸಲ ತೆಗುದ್ರೂ ಈ ಮಡಕೆ ಬೈಯಾಕಿಲ್ಲ."

ಈಗ ಫ್ರಿಜ್ಜು ಚೆನ್ನಾಗಿದೆ. ಅವರ ಡಬ್ಬಿಯ ಜಾಗ ಖಾಲಿಯಿದೆ. ಹೆಂಡತಿ ಅಲ್ಲಿ ಕೊತ್ತಂಬರಿ ಸೊಪ್ಪು ಇಡಲು ಬಂದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಬೈಯಲು ಮಾತ್ರ ಬಾಯಿ ಬರುತ್ತಿಲ್ಲ.